ಹುಣಸೆ ಮರಗಳಿಗೆ ನಂಬರು ಬರೆದ ವರ್ಷ

ಕೊರೊನಾ ಹಾವಳಿ ಅಡಗಿ, ಕೆ.ಆರ್. ನಗರದ ಬಸ್ ನಿಲ್ದಾಣದಲ್ಲಿ ಮತ್ತೆ ಸೀಟಿಗಾಗಿ ನೂಕುನುಗ್ಗಲು ಶುರುವಾದ ವರ್ಷ ನನಗೆ ಒಂದು ಸಂಶೋಧನಾ ಫೆಲೋಶಿಪ್ ಸಿಕ್ಕಿತು. ಅದಕ್ಕೂ ಮೊದಲು ನಾನು ನಮ್ಮೂರಿನ ಪದವಿಪೂರ್ವ ಕಾಲೇಜೊಂದರಲ್ಲಿ ಜೀವಶಾಸ್ತ್ರದ ಅತಿಥಿ ಉಪನ್ಯಾಸಕಿಯಾಗಿದ್ದೆ. ಅತಿಥಿ ಎಂದರೆ ಅತಿಥಿಯೇ, ಯಾವಾಗ ಎದ್ದು ಹೋಗು ಎನ್ನುತ್ತಾರೋ ತಿಳಿಯದು. ಹಾಗಾಗಿ ಎರಡು ವರ್ಷದ ಕೆಲಸ ಎಂದ ಕೂಡಲೇ ಕುಣಿದಾಡಿಬಿಟ್ಟೆ. ಕೆಲಸದ ಹೆಸರು ಮಾರುದ್ದ: ‘ಪ್ರಮುಖ ಜೀವವೈವಿಧ್ಯ ತಾಣಗಳ ಮೇಲ್ವಿಚಾರಣೆ ಮತ್ತು ಸಂರಕ್ಷಣೆ’. ನನ್ನ ಪಾಲಿಗೆ ಬಂದದ್ದು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳು. ಒಂದು ಸ್ಕೂಟರ್, ಒಂದು ದುರ್ಬೀನು, ಹೆಗಲಿಗೊಂದು ಚೀಲ, ಇಷ್ಟೇ ನನ್ನ ಆಫೀಸು.

ಹಕ್ಕಿಗಳಿಗೂ ಇತರ ಜೀವಿಗಳಿಗೂ ತೀರಾ ಬೇಕಾದ ಜಾಗಗಳನ್ನು ಗುರುತಿಸಿ ಒಂದು ಪಟ್ಟಿ ಮಾಡಿರುತ್ತಾರೆ. ಅಂಥ ತಾಣಗಳಿಗೆ ಮತ್ತೆ ಮತ್ತೆ ಹೋಗಿ ನಾವು ಮೂರು ಸಂಗತಿಗಳನ್ನು ನೋಡಬೇಕು. ಹಕ್ಕಿಗಳ ಸ್ಥಿತಿ ಹೇಗಿದೆ, ಅವುಗಳ ಮೇಲೆ ಯಾವ ಒತ್ತಡವಿದೆ, ಆ ಒತ್ತಡ ತಗ್ಗಿಸಲು ಯಾರು ಏನು ಮಾಡುತ್ತಿದ್ದಾರೆ. ಸ್ಟೇಟ್, ಪ್ರೆಷರ್, ರೆಸ್ಪಾನ್ಸ್ ಎಂದು ಇವಕ್ಕೆ ಹೆಸರು. ಪಟ್ಟಿಯಲ್ಲಿಲ್ಲದ ಒಳ್ಳೆಯ ಜಾಗ ಕಂಡರೆ ಹೊಸದಾಗಿ ಸೂಚಿಸುವುದೂ ಉಂಟು. ಒಂದು ಮಾತನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಹೇಳಬೇಕಾದಾಗ ನಾನು ಹೇಳಲಿಲ್ಲ. ಈ ಪಟ್ಟಿಗೆ ಸೇರಿದ ಮಾತ್ರಕ್ಕೆ ಯಾರ ಜಮೀನೂ ಒಂದು ಅಂಗುಲ ಹೋಗುವುದಿಲ್ಲ. ಅದು ಕಾನೂನಲ್ಲ, ಬರೀ ಗುರುತು.

ಮೊದಲ ಕೆಲವು ತಿಂಗಳು ಕೆರೆಯಿಂದ ಕೆರೆಗೆ ಸುತ್ತಿದೆ. ಹೊಸ ಅಗ್ರಹಾರದ ಕಡೆ ಗದ್ದೆ ಬಯಲು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಹೊಲ, ಲಕ್ಷ್ಮಣತೀರ್ಥದ ದಂಡೆ, ಆಮೇಲೆ ಕಬಿನಿ ಹಿನ್ನೀರು. ‘ಏನು ಕಳ್ಕೊಂಡಿದ್ದೀಯವ್ವ?’ ಎಂದು ದಾರಿಯಲ್ಲಿ ಕೇಳಿದವರು ಎಷ್ಟೋ ಮಂದಿ. ಜನವರಿಯಲ್ಲಿ ಒಂದು ದಿನ ಗುರುಪುರ ದಾಟಿ ಕೋಟೆ ಕಡೆಗೆ ಹೋಗುವಾಗ ತಲೆಯ ಮೇಲೆ ಬಣ್ಣದ ಕೊಕ್ಕರೆಗಳು ಕಡ್ಡಿ ಕಚ್ಚಿಕೊಂಡು ಒಂದೇ ದಿಕ್ಕಿಗೆ ಹಾರುವುದು ಕಂಡಿತು. ಕಡ್ಡಿ ಕಚ್ಚಿಕೊಂಡಿವೆ ಎಂದರೆ ಹತ್ತಿರದಲ್ಲೇ ಗೂಡು ಕಟ್ಟುತ್ತಿವೆ ಎಂದರ್ಥ. ಸ್ಕೂಟರನ್ನು ಮಣ್ಣಿನ ದಾರಿಗೆ ತಿರುಗಿಸಿದೆ.

ಆ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಂದು ಸಣ್ಣ ಕೆರೆ, ಅದರ ಮಗ್ಗುಲಲ್ಲಿ ಒಂದು ಮನೆ, ಮನೆಯ ಹಿಂದಿನ ಹೊಲದ ಬದುವಿನ ಮೇಲೆ ಐದು ದೊಡ್ಡ ಹುಣಸೆ ಮರ. ಐದೂ ಮರದ ನೆತ್ತಿ ತುಂಬ ಕೊಕ್ಕರೆ. ನಡುವೆ ಅಲ್ಲಲ್ಲಿ ಚೀಲದಂಥ ಕೊಕ್ಕಿನ ಹೆಜ್ಜಾರ್ಲೆಗಳೂ ಕೂತಿದ್ದವು. ಮೀನಿನ ನಾತ ಮೂಗಿಗೆ ಹೊಡೆಯುತ್ತಿತ್ತು, ನೆಲವೆಲ್ಲ ಹಿಕ್ಕೆ ಬಿದ್ದು ಸುಣ್ಣ ಚೆಲ್ಲಿದ ಹಾಗಿತ್ತು. ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದಾಗ ಹಿತ್ತಲಿನಿಂದ ಒಬ್ಬರು ಹೆಂಗಸು ಕೂಗಿದರು. ‘ಬಾಯಿ ಮುಚ್ಚವ್ವ, ಮ್ಯಾಲಿಂದ ಬಿದ್ದಾತು!’

ಅವರೇ ದೇವಮ್ಮಣ್ಣಿ. ಅರವತ್ತು ದಾಟಿದ, ಹಣೆ ತುಂಬ ವಿಭೂತಿ ಹಚ್ಚುವ, ಮಾತಿಗಿಂತ ಮೊದಲು ನಗುವ ಹೆಂಗಸು. ಗಂಡ ತೀರಿಕೊಂಡಿದ್ದರು. ಮಗ ಮಹದೇವಸ್ವಾಮಿ ಹೊಗೆಸೊಪ್ಪು ಬೆಳೆಯುತ್ತಿದ್ದ, ಸೊಸೆ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಿದ್ದಳು. ತುಂಬಿದ ಮನೆ. ನಾನು ಕೆ.ಆರ್. ನಗರದವಳು ಎಂದು ತಿಳಿದದ್ದೇ ತಡ, ‘ಅಂಗಾದ್ರೆ ನಮ್ಮೋಳೇ ಬುಡು’ ಎಂದು ಒಳಗೆ ಕರೆದು ಮಜ್ಜಿಗೆ ಕೊಟ್ಟರು.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಹುಣಸೆ ಹಣ್ಣಾಗುವುದೂ ಕೊಕ್ಕರೆ ಮರಿ ಮಾಡುವುದೂ ಒಂದೇ ಕಾಲದಲ್ಲಿ. ಊರಿನವರೆಲ್ಲ ಗಳ ಹಿಡಿದು ಹುಣಸೆ ಬಡಿಯುವಾಗ ಇವರು ಮಾತ್ರ ಈ ಐದು ಮರಕ್ಕೆ ಗಳ ಮುಟ್ಟಿಸುತ್ತಿರಲಿಲ್ಲ. ‘ಉದುರಿದ್ದು ನಮ್ಗೆ, ಮಿಕ್ಕಿದ್ದು ಅವು ಎದ್ದೋದ್ಮೇಲೆ’ ಎನ್ನುತ್ತಿದ್ದರು ದೇವಮ್ಮಣ್ಣಿ. ಹೊಗೆಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಹದ ಮಾಡುವ ಹೆಂಚಿನ ಕೋಣೆಯಾದ ಬ್ಯಾರನ್‌ಗೆ ಪ್ರತಿವರ್ಷ ರಾಶಿ ರಾಶಿ ಸೌದೆ ಬೇಕು. ಸುತ್ತಲಿನ ಹೊಲಗಳ ಮರಗಳೆಲ್ಲ ಬ್ಯಾರನ್ನಿನ ಒಲೆ ಸೇರಿದ್ದರೂ ಮಹದೇವಸ್ವಾಮಿ ಹೊರಗಿನಿಂದ ಸೌದೆ ತರಿಸುತ್ತಿದ್ದನೇ ಹೊರತು ಈ ಬದುವಿನ ಕಡೆ ನೋಡುತ್ತಿರಲಿಲ್ಲ. ‘ಅವ್ವ ಇರೋಗಂಟ ಆ ಮಾತು ಎತ್ತಂಗಿಲ್ಲ ಮೇಡಂ’ ಎಂದು ನಗುತ್ತಿದ್ದ. ರೆಸ್ಪಾನ್ಸ್ ಎಂಬ ಕಾಲಮ್ಮಿನಲ್ಲಿ ಬರೆಯಲು ಇದಕ್ಕಿಂತ ಒಳ್ಳೆಯ ಸಂಗತಿ ನನಗೆ ನಾಲ್ಕು ತಾಲ್ಲೂಕಿನಲ್ಲೂ ಸಿಕ್ಕಿರಲಿಲ್ಲ.

ಗೂಡುಗಳ ಲೆಕ್ಕ ಹಿಡಿಯುವ ಕ್ರಮ ಹೀಗಿದೆ. ‘ಆ ಮರ, ಈ ಮರ’ ಎಂದು ಬರೆದುಕೊಂಡರೆ ಮುಂದಿನ ಸಲ ಯಾವುದು ಯಾವುದೆಂದು ಗೊಂದಲವಾಗುತ್ತದೆ. ಆದ್ದರಿಂದ ಗೂಡಿರುವ ಪ್ರತಿ ಮರದ ಬೊಡ್ಡೆಗೆ ಬಣ್ಣದಲ್ಲಿ ಒಂದು ನಂಬರು ಬರೆಯುತ್ತೇವೆ. ನಾನಿಲ್ಲದಿದ್ದರೂ ಇನ್ನೊಬ್ಬರು ಬಂದು ‘ಮೂರನೇ ಮರ’ ಎಂದು ಗುರುತಿಸಬೇಕು. ಫೆಬ್ರವರಿಯಲ್ಲಿ ಹುಣಸೂರಿನ ಹಾರ್ಡ್‌ವೇರ್ ಅಂಗಡಿಯಿಂದ ಹಳದಿ ಬಣ್ಣದ ಡಬ್ಬಿಯೊಂದನ್ನೂ ಬ್ರಷ್ಷನ್ನೂ ಕೊಂಡು ಹೋದೆ. ಸಗಣಿ ತಟ್ಟುತ್ತಿದ್ದ ದೇವಮ್ಮಣ್ಣಿ ಕೈ ನಿಲ್ಲಿಸಿ ನೋಡಿದರು.

‘ಮರಕ್ಯಾಕವ್ವ ನಂಬ್ರು?’ ಎಂದು ಕೇಳಿದರು.

ನಾನು ಬ್ರಷ್ಷಿನಿಂದ ಕಣ್ಣು ತೆಗೆಯದೆ ಉತ್ತರ ಕೊಟ್ಟೆ. ‘ಲೆಕ್ಕಕ್ಕೆ ಕಣಮ್ಮ. ನಿಮ್ಮ ಮರ ಎಂಥವು ಅಂತ ಸರ್ಕಾರಕ್ಕೂ ಗೊತ್ತಾಗ್ಲಿ ಬಿಡಿ.’

ಹೊಗಳಿದೆ ಎಂದುಕೊಂಡಿದ್ದೆ. ಅವರು ತಟ್ಟುತ್ತಿದ್ದುದನ್ನು ಅರ್ಧಕ್ಕೇ ಬಿಟ್ಟರು. ಕೈ ತೊಳೆದುಕೊಂಡು ಒಳಗೆ ಹೋದರು. ಆ ದಿನ ಮಜ್ಜಿಗೆ ಬರಲಿಲ್ಲ ಎಂಬುದು ಆಗ ನನ್ನ ಗಮನಕ್ಕೂ ಬರಲಿಲ್ಲ. ನಾನು ಐದು ಅಂಕಿಗಳ ಫೋಟೋ ತೆಗೆದುಕೊಂಡು, ಅಂಕಿ ದುಂಡಗೆ ಬಂದಿವೆ ಎಂದು ಖುಷಿಪಡುತ್ತ ಊರಿಗೆ ಬಂದೆ.

ಶಿವರಾತ್ರಿ ಕಳೆದ ಮೇಲೆ ಹೋದಾಗ ನಂಬರುಗಳಿರಲಿಲ್ಲ. ಐದೂ ಬೊಡ್ಡೆಗೆ ಯಾರೋ ಸಗಣಿ ಬಳಿದಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಸಿಟ್ಟು ಮನೆಯಲ್ಲೂ ಹೆಸರುವಾಸಿ. ಊರಿನ ಹುಡುಗರ ಕಿತಾಪತಿ ಎಂದು ನಾನೇ ತೀರ್ಮಾನಿಸಿದೆ. ಯಾರನ್ನೂ ಕೇಳಲಿಲ್ಲ. ಒಣಗಿದ ಸಗಣಿಯನ್ನು ಕಲ್ಲಿನಿಂದ ಕೆರೆದು ತೆಗೆದು, ಈ ಸಲ ಮೊದಲಿಗಿಂತ ಎರಡರಷ್ಟು ದೊಡ್ಡದಾಗಿ ಬರೆದೆ. ದೂರದಿಂದಲೂ ಕಾಣಬೇಕು, ಯಾರು ಅಳಿಸುತ್ತಾರೋ ನೋಡೇಬಿಡೋಣ ಎಂದು ಎರಡೆರಡು ಸಲ ಬಣ್ಣ ಹೊಡೆದೆ. ದೇವಮ್ಮಣ್ಣಿ ಹಿತ್ತಲ ಬಾಗಿಲಲ್ಲಿ ನಿಂತು ಇಷ್ಟನ್ನೂ ನೋಡಿದರು. ‘ಹುಡುಗರಿಗೆ ಸ್ವಲ್ಪ ಹೇಳಿ ಅಮ್ಮ’ ಎಂದೆ. ‘ಊಂ ಕಣವ್ವ’ ಎಂದರು, ಅಷ್ಟೇ.

ಆ ಹೊತ್ತಿನಲ್ಲಿ ನಾನೇನಾದರೂ ಬ್ರಷ್ ಕೆಳಗಿಟ್ಟು ಜಗಲಿಯ ಮೇಲೆ ಕೂತಿದ್ದರೆ! ಈ ವಾಕ್ಯವನ್ನು ನಾನು ಮನಸ್ಸಿನಲ್ಲಿ ಎಷ್ಟು ಸಲ ಹೇಳಿಕೊಂಡಿದ್ದೇನೋ. ಬೆಂಗಳೂರಿನಿಂದಲೋ ದೆಹಲಿಯಿಂದಲೋ ಬಂದವಳಾಗಿದ್ದರೆ, ಪಾಪ, ತಿಳಿಯಲಿಲ್ಲ ಎನ್ನಬಹುದಿತ್ತು. ನಾನು ಅದೇ ಜಿಲ್ಲೆಯವಳು. ರಸ್ತೆ ಅಗಲ ಮಾಡುವ ಮುಂಚೆ ಸಾಲುಮರಗಳಿಗೆ ನಂಬರು ಬೀಳುವುದನ್ನು ನಾನೂ ಬಸ್ಸಿನ ಕಿಟಕಿಯಿಂದ ನೋಡಿದವಳೇ. ನಂಬರು ಬಿದ್ದ ಮರ ಮುಂದಿನ ವರ್ಷ ಇರುವುದಿಲ್ಲ ಎಂಬುದು ನಮ್ಮ ಕಡೆಯ ಚಿಕ್ಕ ಮಕ್ಕಳಿಗೂ ಗೊತ್ತು. ಆದರೆ ಬ್ರಷ್ ನನ್ನ ಕೈಯಲ್ಲೇ ಇದ್ದಾಗ ಆ ಯೋಚನೆ ನನ್ನ ಹತ್ತಿರ ಸುಳಿಯಲಿಲ್ಲ.

ಏಪ್ರಿಲ್, ಮೇ ತಿಂಗಳುಗಳಲ್ಲಿ ಮರಿಗಳು ದೊಡ್ಡವಾದವು. ಅವುಗಳ ಕೂಗಾಟಕ್ಕೆ ನಮ್ಮ ಮಾತು ನಮಗೇ ಕೇಳಿಸುತ್ತಿರಲಿಲ್ಲ. ಜೂನಿನಲ್ಲಿ ನಾನು ಆ ಹಂಗಾಮಿಗೆ ಕೊನೆಯ ಸಲ ಹೋದಾಗ ಬಹುಪಾಲು ಗೂಡುಗಳು ಖಾಲಿಯಾಗಿದ್ದವು. ಮೂರನೇ ಮರದಲ್ಲಿ ತಡವಾಗಿ ಹುಟ್ಟಿದ ಎರಡು ಮರಿ ಮಾತ್ರ ಇನ್ನೂ ರೆಕ್ಕೆ ಬಡಿದು ಅಭ್ಯಾಸ ಮಾಡುತ್ತಿದ್ದವು. ದೇವಮ್ಮಣ್ಣಿ ಆಗ ಒಂದೇ ಒಂದು ಪ್ರಶ್ನೆ ಕೇಳಿದರು. ‘ಅವೆರ್ಡು ಯಾವತ್ತು ಎದ್ದೋದಾವು?’ ಇನ್ನೆರಡು ವಾರ ಸಾಕು ಎಂದೆ. ಹಕ್ಕಿಗಳ ಮೇಲೆ ಎಂಥ ಅಕ್ಕರೆ ಎಂದುಕೊಂಡೆ. ಅಕ್ಕರೆ ಇದ್ದದ್ದು ನಿಜ, ಆದರೆ ಅವರು ಕೇಳಿದ ಕಾರಣವೇ ಬೇರೆಯಾಗಿತ್ತು.

ಮೈಸೂರಿನಲ್ಲಿ ಕೂತು ವರದಿ ಬರೆದೆ. ಒತ್ತಡ: ಕಡಿಮೆ. ಸ್ಥಳೀಯರ ಸ್ಪಂದನೆ: ಅತ್ಯುತ್ತಮ. ಐದು ಮರಗಳ ಫೋಟೋ ಪರದೆಯ ಮೇಲೆ ಬಂದಾಗ ಹಿರಿಯರೊಬ್ಬರು, ನಂಬರು ಎಷ್ಟು ಸ್ಪಷ್ಟವಾಗಿ ಬರೆದಿದ್ದೀರಿ, ಎಲ್ಲರೂ ಹೀಗೆ ಮಾಡಬೇಕು ಎಂದರು. ನಾನು ಬೀಗಿದೆ. ಆ ಬೀಗಿದ್ದು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಆಗಸ್ಟಿನಲ್ಲಿ ಪಿರಿಯಾಪಟ್ಟಣದ ಕೆರೆಯೊಂದರ ಕೆಲಸ ಬೇಗ ಮುಗಿದಿತ್ತು. ದೇವಮ್ಮಣ್ಣಿಗೆ ವರದಿಯ ಸುದ್ದಿ ಹೇಳಿ ಬರೋಣ ಎಂದು ಅರ್ಧ ಕಿಲೋ ಮೈಸೂರ್‌ಪಾಕ್ ಕಟ್ಟಿಸಿಕೊಂಡು ಹೊರಟೆ. ಹೊಗೆಸೊಪ್ಪು ಬೇಯುವ ಕಾಲ. ದಾರಿಯುದ್ದಕ್ಕೂ ಬ್ಯಾರನ್‌ಗಳು ಹೊಗೆ ಬಿಡುತ್ತಿದ್ದವು. ಕೆರೆಯ ತಿರುವಿನಲ್ಲಿ ಸ್ಕೂಟರ್ ನಿಧಾನ ಮಾಡಿ ತಲೆ ಎತ್ತಿದರೆ ಅಲ್ಲಿ ಆಕಾಶವಿತ್ತು. ದಾರಿ ತಪ್ಪಿದೆ ಎಂದುಕೊಂಡು ಒಮ್ಮೆ ಹಿಂದಕ್ಕೂ ನೋಡಿದೆ. ಮನೆ ಅದೇ, ಕೆರೆ ಅದೇ. ಬದು ಬೋಳಾಗಿತ್ತು.

ಮಹದೇವಸ್ವಾಮಿ ಬ್ಯಾರನ್ನಿನ ಒಲೆಯ ಬಾಯಿಗೆ ಸೌದೆ ತಳ್ಳುತ್ತಿದ್ದ. ಪಕ್ಕದಲ್ಲಿ ದಿಮ್ಮಿಗಳನ್ನು ಪೇರಿಸಿಟ್ಟಿದ್ದರು. ಮೇಲಿನ ಸಾಲಿನ ಒಂದು ದಿಮ್ಮಿಯ ತೊಗಟೆಯ ಮೇಲೆ ನಾನು ಎರಡು ಸಲ ಬಣ್ಣ ಹೊಡೆದಿದ್ದ ಹಳದಿ ಮೂರು ಇತ್ತು. ಮಳೆಗೂ ಮಾಸಿರಲಿಲ್ಲ.

‘ಏನ್ ಮಾಡ್ಬಿಟ್ರಿ ಇದು?’ ಎಂದು ಚೀರಿದೆ.

ಅವನು ಕೈಯಲ್ಲಿದ್ದ ಕೊರಡನ್ನು ಒಲೆಗೆ ಹಾಕಿಯೇ ನನ್ನ ಕಡೆ ತಿರುಗಿದ. ‘ನೀವ್ ಮಾಡಿದ್ಕೆ ನಾವ್ ಮಾಡ್ದೋ ಮೇಡಂ. ನಂಬ್ರು ಹಾಕ್ದೋರು ನೀವು.’

ದೇವಮ್ಮಣ್ಣಿ ಹೊರಗೆ ಬಂದು ಮಗನನ್ನು ಸುಮ್ಮನಾಗಿಸಿದರು. ನನ್ನ ಕೈ ಹಿಡಿದು ಜಗಲಿಯ ಮೇಲೆ ಕೂರಿಸಿದರು. ತಪ್ಪು ಮಾಡಿದವಳು ನಾನು, ಸಮಾಧಾನ ಮಾಡಿದವರು ಅವರು. ಆವತ್ತು ಅವರು ಹೇಳಿದ್ದನ್ನು ನಾನು ಮೊದಲ ದಿನವೇ ಕೇಳಿ ತಿಳಿಯಬಹುದಿತ್ತು.

ಅವರು ಹುಟ್ಟಿದ್ದು ಆ ಊರಿನಲ್ಲಲ್ಲ. ಕಾಕನಕೋಟೆ ಕಡೆ, ಕಪಿಲೆ ಎಂದೂ ಕರೆಯುವ ಕಬಿನಿ ಹೊಳೆಯ ದಂಡೆಯಲ್ಲಿ ಅವರ ಊರಿತ್ತು. ದೇವಮ್ಮಣ್ಣಿ ಇನ್ನೂ ಲಂಗ ಉಡುವ ಹುಡುಗಿಯಾಗಿದ್ದಾಗ ಪ್ಯಾಂಟು ಹಾಕಿದವರು ಬಂದು ಅವರ ತೋಟದ ಮಾವು, ಹಲಸಿಗೆಲ್ಲ ಡಾಂಬರಿನಲ್ಲಿ ನಂಬರು ಬರೆದರು. ಅಪ್ಪನಿಗೆ ಹಿಗ್ಗೋ ಹಿಗ್ಗು. ನಮ್ಮ ಮರ ಸರ್ಕಾರದ ಲೆಕ್ಕಕ್ಕೆ ಸೇರಿತು ಎಂದು ಊರೆಲ್ಲ ಹೇಳಿಕೊಂಡು ಬಂದರಂತೆ. ಆಮೇಲೆ ಮನೆಯ ಗೋಡೆಗೂ ನಂಬರು ಬಿತ್ತು. ಅದಾದ ಮೇಲೆ ಅಣೆಕಟ್ಟೆ ಎದ್ದು ನೀರು ಬಂತು. ಸಾಮಾನು ಸರಂಜಾಮು, ದನ ಕರು, ಮನೆದೇವರು ಎಲ್ಲವನ್ನೂ ಲಾರಿಗೆ ತುಂಬಿ ತಂದು ಈ ಬಯಲಿನಲ್ಲಿ ಇಳಿಸಿದರು. ಇಲ್ಲಿ ಆಗ ಇದ್ದ ನೆರಳೆಂದರೆ ಈ ಐದು ಹುಣಸೆ ಮರ. ಮನೆ ಏಳುವವರೆಗೆ ಅವುಗಳ ಕೆಳಗೇ ಒಲೆ ಹೂಡಿ ಬೇಯಿಸಿದ್ದರು. ಮುಂದೆ ಇಲ್ಲಿಯೇ, ಆ ಮರಗಳಿದ್ದ ಹೊಲ ಪಾಲಿಗೆ ಬಂದಿದ್ದ ಸೋದರತ್ತೆಯ ಮಗನಿಗೆ ಅವರನ್ನು ಕೊಟ್ಟರು. ಹೀಗೆ ಹುಣಸೆಯ ಬದು ಅವರದಾಯಿತು.

‘ಮರಕ್ಕೆ ನಂಬ್ರು ಬರ್ದೋರು ಯಾರೂ ಮರಕ್ಕೋಸ್ಕರ ಬಂದಿದ್ದ ನಾ ಕಾಣೆ ಕಣವ್ವ’ ಎಂದರು. ‘ನೀನು ಹಕ್ಕಿ ಲೆಕ್ಕ ಅಂದೆ, ಸರ್ಕಾರಕ್ಕೆ ಗೊತ್ತಾಗ್ಲಿ ಅಂದೆ. ನಾನೇ ಸಗಣಿ ಬಳ್ದೆ. ನೀನು ಕೆರ್ದು ಇನ್ನೂ ದೊಡ್ಡುದಾಗಿ ಬರ್ದೆ. ಮರ ಇದ್ರೆ ಹಕ್ಕಿ, ಹಕ್ಕಿ ಇದ್ರೆ ನೀವು. ಇನ್ನೊಂದ್ ದಪ ಲಾರಿ ಹತ್ತಕ್ಕೆ ನನ್ ಕೈಲಾಗಕಿಲ್ಲ ಮಗ. ಕೊನೆ ಮರಿ ಎದ್ದೋಗೋಗಂಟ ಕಾದೆ. ಆಮೇಕೆ ಮಗಂಗೆ, ಕಡ್ದುಬುಡು ಅಂದೆ.’

ನಾನು ಅಳುತ್ತಲೇ ವಿವರಿಸಿದೆ. ಈ ಪಟ್ಟಿಗೂ ಜಮೀನಿಗೂ ಸಂಬಂಧವಿಲ್ಲ, ನಿಮ್ಮ ಹೊಲವನ್ನು ಯಾರೂ ಮುಟ್ಟುತ್ತಿರಲಿಲ್ಲ, ಅದು ಬರೀ ಗುರುತು ಎಂದೆ. ಅವರು ಕಿವಿಗೊಟ್ಟು ಕೇಳಿದರು. ಅರ್ಥವಾಗುತ್ತಿದ್ದ ಹಾಗೆಯೇ ಅವರ ಮುಖದ ಬಣ್ಣ ಇಳಿಯಿತು. ಬೋಳು ಬದುವಿನ ಕಡೆ ತಿರುಗಿದರು.

‘ಅದ್ನ ಮೊದ್ಲೇ ಯೋಳ್ಬಾರ್ದಿತ್ತಾ?’ ಎಂದರು.

ಮೈಸೂರ್‌ಪಾಕಿನ ಪೊಟ್ಟಣವನ್ನು ಸ್ಕೂಟರಿನಿಂದ ತೆಗೆಯಲೂ ನಾಚಿಕೆಯಾಯಿತು. ಹಾಗೆಯೇ ವಾಪಸ್ಸು ತಂದೆ.

ಮೇಲಧಿಕಾರಿಗಳಿಗೆ ಎಲ್ಲವನ್ನೂ ಹೇಳಿದೆ. ಅವರು ಒಳ್ಳೆಯವರು. ನಂಬರು ಬರೆಯುವುದು ಎಲ್ಲ ಕಡೆ ಇರುವ ವಿಧಾನ, ನಿಮ್ಮದೇನೂ ತಪ್ಪಿಲ್ಲ, ತಿದ್ದಿದ ವರದಿ ಕೊಡಿ ಎಂದರು. ತಿದ್ದಲು ಕೂತಾಗ ಒತ್ತಡಗಳ ಸಿದ್ಧ ಪಟ್ಟಿ ತೆರೆದುಕೊಂಡಿತು. ಬೇಟೆ, ಒತ್ತುವರಿ, ಕೀಟನಾಶಕ, ಮರ ಕಡಿತ. ಮರ ಕಡಿತ ಎಂಬುದನ್ನು ಆರಿಸಿದರೆ ಅಪರಾಧಿ ದೇವಮ್ಮಣ್ಣಿಯ ಮನೆಯವರಾಗುತ್ತಾರೆ. ಅವರು ಕಡಿದದ್ದು ಸರಿಯೋ ತಪ್ಪೋ ಎಂದು ಅಳೆಯುವ ಮುಖ ನನಗಿರಲಿಲ್ಲ. ಟಿಪ್ಪಣಿಯ ಜಾಗದಲ್ಲಿ ‘ಸಂಶೋಧಕಿಯ ನಡವಳಿಕೆಯಿಂದ ಉಂಟಾದ ಭಯದಿಂದ ಮರಗಳು ಹೋದವು’ ಎಂದು ಬರೆದು ಕಳಿಸಿದೆ. ಅದು ವೈಯಕ್ತಿಕವಾಯಿತು, ತೆಗೆಯೋಣ ಎಂದು ಒಬ್ಬರು ಸಲಹೆ ಕೊಟ್ಟರು. ಬೇಡ, ಇರಲಿ ಎಂದು ಹಠ ಮಾಡಿದೆ. ಬರೆದುಬಿಟ್ಟರೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಹಗುರಾಗಲಿಲ್ಲ.

ಫೆಲೋಶಿಪ್ ಮುಗಿದರೂ ನಾನು ಇದೇ ಕ್ಷೇತ್ರದಲ್ಲಿ ಉಳಿದೆ. ಈಗ ಹೊಸಬರಿಗೆ ತರಬೇತಿ ಕೊಡುವ ಕೆಲಸವೂ ನನ್ನದು. ನನ್ನ ಜೊತೆ ಬರುವವರಿಗೆ ಬಣ್ಣದ ಡಬ್ಬಿ ನಿಷಿದ್ಧ. ಮರದ ಗುರುತನ್ನು ಮೊಬೈಲಿನ ಜಿಪಿಎಸ್‌ನಲ್ಲಿ ಇಟ್ಟುಕೊಳ್ಳುತ್ತೇವೆ, ಅದೂ ಮನೆಯವರಿಗೆ ತೋರಿಸಿ, ಒಪ್ಪಿದ ಮೇಲೆ. ಹಕ್ಕಿಯ ವಿಷಯ ಎತ್ತುವ ಮುಂಚೆ ಜಗಲಿಯ ಮೇಲೆ ಕೂತು, ನಿಮ್ಮ ಹಿರೀಕರು ಯಾವ ಕಡೆಯವರು ಎಂದು ಕೇಳಬೇಕು. ಇದರಿಂದ ಯಾರ ಜಮೀನೂ ಹೋಗುವುದಿಲ್ಲ ಎಂಬುದನ್ನು ಮೊದಲ ಮಾತಾಗಿಯೇ ಹೇಳಬೇಕು. ಯಾರಾದರೂ ಗುರುತನ್ನು ಅಳಿಸಿದರೆ ಅದು ಕಿತಾಪತಿಯಲ್ಲ, ನಮಗೆ ಬಂದ ಉತ್ತರ ಎಂದು ತಿಳಿಯಬೇಕು. ಒಂದು ತಾಣದ ಸ್ಥಿತಿ ನೋಡಲು ಹೋದವರು ಅಲ್ಲಿನ ಜನ ಏನನ್ನು ಕಳೆದುಕೊಂಡು ಬಂದವರು ಎಂಬುದನ್ನು ನೋಡದಿದ್ದರೆ, ಆ ತಾಣಕ್ಕೆ ನಾವೇ ಒತ್ತಡ. ಕೆಲಸ ನನಗೆ ಕಲಿಸಿದ್ದು ಇಷ್ಟು.

ಪಾಠ ಹೇಳಿ ಇಲ್ಲಿಗೇ ಮುಗಿಸಿದರೆ ನನಗೆ ಸುಲಭ. ಆದರೆ ಹಕ್ಕಿಗಳು ಮತ್ತೆ ಬರಬೇಕಿತ್ತಲ್ಲ.

ಮರ ಕಡಿದ ಮರುವರ್ಷದ ಜನವರಿಯಲ್ಲಿ ಮಹದೇವಸ್ವಾಮಿಯೇ ಫೋನ್ ಮಾಡಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ‘ಬಂದವೆ ಮೇಡಂ. ಅವ್ವ ಊಟ ಬುಟ್ಟವ್ಳೆ. ಒಂದ್ ಗಳಿಗೆ ಬಂದೋಗಿ’ ಎಂದ. ನಾನು ಹೋದಾಗ ದೇವಮ್ಮಣ್ಣಿ ಬೋಳು ಬದುವಿನ ಮೇಲೆ ನಿಂತಿದ್ದರು. ತಲೆಯ ಮೇಲೆ ಬಣ್ಣದ ಕೊಕ್ಕರೆಗಳು ಸುತ್ತುತ್ತಿದ್ದವು. ಕೆಲವು ಆಗಲೇ ಕಡ್ಡಿ ಕಚ್ಚಿಕೊಂಡಿದ್ದವು. ಕೆಳಗಿಳಿದು, ಮರ ಇದ್ದ ಎತ್ತರಕ್ಕೆ ಬಂದು, ಕಾಲು ಮುಂದೆ ಚಾಚಿ, ಕೂರಲು ಏನೂ ಸಿಗದೆ ಮತ್ತೆ ಮೇಲಕ್ಕೆ ಹೋಗುತ್ತಿದ್ದವು. ಒಂದೆರಡು ಬ್ಯಾರನ್ನಿನ ಹೆಂಚಿನ ಮೇಲೆ ಕೂತು ಜಾರಿ ಎದ್ದವು. ಬಿಸಿಲು ಏರಿದ ಮೇಲೆ ಒಂದೊಂದಾಗಿ ಕಡ್ಡಿಗಳನ್ನು ಕೆರೆಗೆ ಬಿಟ್ಟು, ಸಾಲುಗೂಡಿ ಎದ್ದವು.

ಅವು ಚುಕ್ಕಿಯಾಗುವವರೆಗೂ ನೋಡಿ ದೇವಮ್ಮಣ್ಣಿ ಸೆರಗಿನಿಂದ ಕಣ್ಣೊರೆಸಿಕೊಂಡರು.

‘ನಮ್ಮುನ್ನಾದ್ರೂವೆ ಲಾರೀಲಿ ತಂದು, ಇಲ್ಲಿರಿ ಅಂತ ಇಳಿಸ್ಬುಟ್ಟು ಹೋದ್ರು’ ಎಂದರು. ‘ಇವುಕ್ಕೆ ಜಾಗ ತೋರ್ಸೋರ್ ಯಾರವ್ವ? ಎತ್ಲಾಗ್ ಹೋದೋ, ನಿಂಗೇನಾರ ಗೊತ್ತಾ?’

ನಾಲ್ಕು ತಾಲ್ಲೂಕುಗಳ ಹಕ್ಕಿಗಳು ಎಲ್ಲಿ ಕೂರುತ್ತವೆ, ಎಲ್ಲಿ ಗೂಡು ಕಟ್ಟುತ್ತವೆ ಎಂದು ತಿಳಿದಿರುವುದೇ ನನ್ನ ಉದ್ಯೋಗ. ನನಗೆ ಗೊತ್ತಿರಲಿಲ್ಲ. ಇಂದಿಗೂ ಗೊತ್ತಿಲ್ಲ.